ಗಣಕಯಂತ್ರದ ಬರವಣಿಗೆ: ಉತ್ಸರ್ಗವೂ ಅಪವಾದವೂ

ಬಾಡಿಗೆಯ ಮನೆಗೆ ಹೊಸದಾಗಿ ಹೋದ ಗೃಹಸ್ಥರು ಮೊದಲನೆಯ ವಾರದಲ್ಲಿಯೇ ಕೆಲವು ಏರ್ಪಾಡುಗಳನ್ನು ಮಾಡಿಕೊಳ್ಳುತ್ತಾರೆ. ದೇವರ ಮಂದಾಸನವು ಯಾವ ಗೋಡೆಗಿರಬೇಕು, ಅಕ್ಕಿಯ ಡಬ್ಬಿಯು ಯಾರ ಕೈಗೆ ಎಟುಕುವಷ್ಟು ಎತ್ತರದಲ್ಲಿರಬೇಕು, ವೃದ್ಧರ ಮಂಚವು ಕಿಟಕಿಗೆ ಎಷ್ಟು ಸಮೀಪದಲ್ಲಿರಬೇಕು ಎಂಬುದನ್ನೆಲ್ಲ ಮನೆಯವರೇ ಕೂಡಿ ನಿಶ್ಚಯಿಸುತ್ತಾರೆ. ಮನೆಯನ್ನು ಕಟ್ಟಿಸಿದವನು ಬೇರೊಬ್ಬನಾದರೂ ಅದರೊಳಗೆ ಬಾಳತಕ್ಕವರು ತಾವೆಂಬ ಅರಿವು ಅವರಿಗಿರುತ್ತದೆ. ಆದರೆ ಇದೇ ಗೃಹಸ್ಥರು ಗಣಕಯಂತ್ರದ ಮುಂದೆ ಬರೆಯಲು ಕುಳಿತೊಡನೆ ಪರರ ಮನೆಯ ಜಗುಲಿಯಲ್ಲಿ ಕುಳಿತ ಅತಿಥಿಗಳಂತೆ ಸಂಕೋಚಪಡುವುದನ್ನು ನಾವು ಕಾಣುತ್ತೇವೆ. ಅಕ್ಷರವು ಸಾಸಿವೆಯಷ್ಟು ಸಣ್ಣದಾಗಿದ್ದರೆ ಕಣ್ಣನ್ನು ಕಿರಿದುಮಾಡಿ ಓದುತ್ತಾರೆ. ಸಾಲು ಪರದೆಯ ಆಚೆಗೆ ಓಡಿಹೋದರೆ ಅದರ ಬೆನ್ನು ಹತ್ತುತ್ತಾರೆ. ಬೇಡದ ಪದವೊಂದು ತಾನಾಗಿ ಬಂದು ಸೇರಿಕೊಂಡರೆ ಅದನ್ನು ಅಳಿಸಿ ಮತ್ತೆ ಬರೆಯುತ್ತಾರೆ. “ಯಂತ್ರವು ಇರುವುದೇ ಹೀಗೆ” ಎಂಬುದು ಅವರ ಸಮಾಧಾನ. ಯಂತ್ರವು ಹೀಗೆಯೇ ಇರಬೇಕಾದುದಿಲ್ಲವೆಂದೂ, ಅದನ್ನು ನಮ್ಮ ಕಣ್ಣಿಗೆ, ಕೈಗೆ, ಭಾಷೆಗೆ ಹೊಂದಿಸಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸವೆಂದೂ ತಿಳಿಸುವುದೇ ಈ ಲೇಖನದ ಉದ್ದೇಶವು.

ಇದೇನು ಮಹಾ ವಿಷಯವೆಂದು ಕೆಲವರಿಗೆ ತೋರಬಹುದು. ಆದರೆ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರ ಬಳಿ ಬರೆದಿಡತಕ್ಕ ಸಾಮಗ್ರಿಯು ಹೇರಳವಾಗಿರುತ್ತದೆ. ಮನೆತನದ ವಂಶಾವಳಿ, ಹಬ್ಬದ ಅಡಿಗೆಗಳ ಅಳತೆ, ಊರಿನ ಕೆರೆ ಕಾಲುವೆಗಳ ಕಥೆ, ತಾವು ಕಲಿತ ಪಾಠಗಳ ಟಿಪ್ಪಣಿ, ಇವೆಲ್ಲ ಬರೆಯದಿದ್ದರೆ ಅವರೊಂದಿಗೇ ಹೊರಟುಹೋಗತಕ್ಕವು. ಮಕ್ಕಳು ಗಣಕಯಂತ್ರವನ್ನು ತಂದುಕೊಟ್ಟು “ಬರೆಯಿರಿ” ಎನ್ನುತ್ತಾರೆ. ಹಿರಿಯರು ನಾಲ್ಕು ದಿನ ಬರೆದು, ಕಣ್ಣು ನೋಯುವುದೆಂದು ಬಿಡುತ್ತಾರೆ. “ಇದು ನಮ್ಮ ವಯಸ್ಸಿನವರಿಗಲ್ಲ” ಎಂದು ಕಾರಣ ಹೇಳುತ್ತಾರೆ. ಎಷ್ಟೋ ವೇಳೆ ಅಡ್ಡಬಂದುದು ವಯಸ್ಸಲ್ಲ, ಅಕ್ಷರದ ಗಾತ್ರ. ಒಂದು ಸಂಖ್ಯೆಯನ್ನು ಬದಲಾಯಿಸದೆ ಹೋದುದಕ್ಕಾಗಿ ಒಂದು ಮನೆಯ ನೆನಪೆಲ್ಲ ಬರೆಯಲ್ಪಡದೆ ಉಳಿಯುವುದು ವಿಷಾದಕರವಲ್ಲವೆ?

ಮೊದಲು ನಾವು ಯಾವ ಸಾಧನವನ್ನು ಕುರಿತು ಮಾತನಾಡುತ್ತಿದ್ದೇವೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಗಣಕದಲ್ಲಿ ಬರೆಯಲು ಎರಡು ಜಾತಿಯ ಸಾಧನಗಳುಂಟು. ಒಂದು, ಅಕ್ಷರಗಳ ಜೊತೆಗೆ ಅವುಗಳ ದಪ್ಪ, ಬಣ್ಣ, ಅಂಚು, ಚಿತ್ರ ಮೊದಲಾದ ಅಲಂಕಾರಗಳನ್ನೂ ಕಡತದೊಳಗೆ ಸೇರಿಸಿಡತಕ್ಕದ್ದು; ‘ವರ್ಡ್’ ಎಂಬುದು ಈ ಜಾತಿಯದು. ಎರಡನೆಯದು, ಬರಿಯ ಅಕ್ಷರಗಳನ್ನು ಮಾತ್ರ ಉಳಿಸತಕ್ಕ ‘ಟೆಕ್ಸ್ಟ್ ಎಡಿಟರ್’. ವಿಂಡೋಸಿನ ಜೊತೆಗೆ ಬರುವ ‘ನೋಟ್‌ಪ್ಯಾಡ್’, ಮೈಕ್ರೋಸಾಫ್ಟಿನವರೇ ೨೦೧೫ರಲ್ಲಿ ಹೊರತಂದು ಉಚಿತವಾಗಿ ಕೊಡುತ್ತಿರುವ ‘ವಿಎಸ್ ಕೋಡ್’, ಬಹು ಹಳೆಯ ಮನೆತನದ ‘ವಿಮ್’, ಇವು ಎರಡನೆಯ ಜಾತಿಯವು. ಇವುಗಳಲ್ಲಿ ಕೆಲವನ್ನು ಯಂತ್ರಗಳಿಗೆ ಆದೇಶ ಬರೆಯುವವರು ಹೆಚ್ಚಾಗಿ ಬಳಸುವರಾದರೂ, ಕಾಗದಪತ್ರ, ಲೆಕ್ಕ, ಟಿಪ್ಪಣಿಗಳನ್ನು ಬರೆಯುವ ಗೃಹಸ್ಥರಿಗೂ ಇವು ತಕ್ಕವೇ ಆಗಿವೆ. ಬರಿಯ ಅಕ್ಷರಗಳ ಕಡತವು ಗಾತ್ರದಲ್ಲಿ ಚಿಕ್ಕದು. ಯಾವ ಗಣಕದಲ್ಲಿಯೂ ತೆರೆಯತಕ್ಕದ್ದು.

ಇಲ್ಲಿ ವಾಚಕರು ಮನಸ್ಸಿನಲ್ಲಿಡಬೇಕಾದ ಒಂದು ವಿಶೇಷವಿದೆ. ಟೆಕ್ಸ್ಟ್ ಎಡಿಟರಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿದರೆ ಕಡತದೊಳಗೆ ಏನೂ ಬದಲಾಗುವುದಿಲ್ಲ. ಅಜ್ಜನು ದಪ್ಪಕ್ಷರದಲ್ಲಿ ನೋಡುತ್ತ ಬರೆದ ಕಾಗದವನ್ನು ಮೊಮ್ಮಗಳು ತನ್ನ ಯಂತ್ರದಲ್ಲಿ ತನಗೊಪ್ಪಿದ ಸಣ್ಣ ಅಕ್ಷರದಲ್ಲಿಯೇ ಓದುತ್ತಾಳೆ. ಬದಲಾಗುವುದು ಕನ್ನಡಕವೇ ಹೊರತು ಪುಸ್ತಕವಲ್ಲ.

ಈಗ ‘ಡಿಫಾಲ್ಟ್’ ಎಂಬ ಶಬ್ದಕ್ಕೆ ಬರೋಣ. ಬಳಸುವವನು ಬೇರೇನನ್ನೂ ಹೇಳದಿದ್ದಾಗ ಯಂತ್ರವು ಅನುಸರಿಸುವ ಮೊದಲ ಏರ್ಪಾಡಿಗೆ ಈ ಹೆಸರು. ಇದರ ಸ್ವರೂಪವನ್ನು ತಿಳಿಯಲು ನಾವು ಸಂಸ್ಕೃತ ವ್ಯಾಕರಣದ ಎರಡು ಪರಿಭಾಷೆಗಳನ್ನು ನೆನೆಯುವುದುಂಟು: ಉತ್ಸರ್ಗ ಮತ್ತು ಅಪವಾದ. ಉತ್ಸರ್ಗವೆಂದರೆ ಸಾಮಾನ್ಯ ವಿಧಿ. ಅಪವಾದವೆಂದರೆ ವಿಶೇಷ ವಿಧಿ. ಲೋಕದ ಮಾತಿನಲ್ಲಿ ಅಪವಾದವೆಂದರೆ ನಿಂದೆಯೆಂಬ ಅರ್ಥವು ರೂಢವಾಗಿದೆಯಾದರೂ ವ್ಯಾಕರಣದ ಅಪವಾದದಲ್ಲಿ ನಿಂದೆಯ ಲೇಶವೂ ಇಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಿಂದಲೇ ಒಂದು ಉದಾಹರಣೆಯನ್ನು ಕೊಡೋಣ. ಕರ್ಮಪದವು ಹಿಂದಿರುವಾಗ ಧಾತುವಿಗೆ ‘ಅಣ್’ ಎಂಬ ಪ್ರತ್ಯಯವು ಬರುವುದೆಂಬುದು ಸಾಮಾನ್ಯ ವಿಧಿ. ಅದರಿಂದ ಕುಂಭವನ್ನು ಮಾಡುವವನು ‘ಕುಂಭಕಾರ’ನಾಗುತ್ತಾನೆ. ಆದರೆ ಧಾತುವು ಆಕಾರಾಂತವಾಗಿದ್ದು ಉಪಸರ್ಗವಿಲ್ಲದೆ ಇದ್ದರೆ ‘ಕ’ ಎಂಬ ಪ್ರತ್ಯಯವು ಬರಬೇಕೆಂಬುದು ವಿಶೇಷ ವಿಧಿ. ಅದರಿಂದ ಗೋವನ್ನು ಕೊಡುವವನು ‘ಗೋದ’ನಾಗುತ್ತಾನೆಯೇ ಹೊರತು ‘ಗೋದಾಯ’ನಾಗುವುದಿಲ್ಲ. ಅದೇ ಧಾತುವಿಗೆ ‘ಸಂ’ ಎಂಬ ಉಪಸರ್ಗವು ಸೇರಿತೋ, ‘ಗೋಸಂದಾಯ’ ಎಂದು ಸಾಮಾನ್ಯ ವಿಧಿಯೇ ಮರಳಿ ಬರುತ್ತದೆ.

ಇದರಿಂದ ಮೂರು ತತ್ತ್ವಗಳು ಹೊರಡುತ್ತವೆ. ಅಪವಾದವು ತನ್ನ ವಿಷಯದಲ್ಲಿ ಉತ್ಸರ್ಗಕ್ಕಿಂತ ಬಲವತ್ತರವಾದುದು. ಅದರ ಅಧಿಕಾರವು ತನ್ನ ವಿಷಯದಷ್ಟಕ್ಕೇ ಮಿತವಾದುದು. ಅಪವಾದವು ತೊಲಗಿದರೆ ಉತ್ಸರ್ಗವು ಅಳಿಯದೆ ಅಲ್ಲಿಯೇ ಇರುತ್ತದೆ. ಎಡಿಟರಿನ ಏರ್ಪಾಡುಗಳೂ ಹೀಗೆಯೇ ನಡೆಯುತ್ತವೆ. ವಿಎಸ್ ಕೋಡಿನಲ್ಲಿ ನಾವು ಬದಲಾಯಿಸಿದ ಏರ್ಪಾಡುಗಳು ಮಾತ್ರ ಒಂದು ಪ್ರತ್ಯೇಕ ಕಡತದಲ್ಲಿ ಬರೆಯಲ್ಪಡುತ್ತವೆ. ನಾವು ಐದನ್ನು ಬದಲಾಯಿಸಿದರೆ ಅದರಲ್ಲಿ ಐದೇ ಸಾಲು. ಉಳಿದ ನೂರಾರು ವಿಷಯಗಳಲ್ಲಿ ಮೊದಲ ಏರ್ಪಾಡೇ ನಡೆಯುತ್ತಿರುತ್ತದೆ. ಒಂದು ಸಾಲನ್ನು ತೆಗೆದೊಡನೆ ಆ ವಿಷಯದಲ್ಲಿ ಹಳೆಯದೇ ಬಂದು ನಿಲ್ಲುತ್ತದೆ. “ಮುಟ್ಟಿದರೆ ಕೆಟ್ಟುಹೋದೀತು” ಎಂಬ ಭಯವು ನಮ್ಮ ವಯಸ್ಸಿನವರಲ್ಲಿ ಬಹಳವಾಗಿದೆ. ಈ ಭಯಕ್ಕೆ ಮೇಲಿನ ಮೂರನೆಯ ತತ್ತ್ವವೇ ಉತ್ತರವು.

ಉತ್ಸರ್ಗವನ್ನು ಮಾಡಿದವರು ಯಾರು, ಯಾವ ಕಾರಣದಿಂದ ಮಾಡಿದರು ಎಂಬುದನ್ನೂ ಸ್ವಲ್ಪ ವಿಚಾರಿಸತಕ್ಕದ್ದು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಬಿಲ್ ಜಾಯ್ ಎಂಬವರು ೧೯೭೬ರಲ್ಲಿ ‘ವಿಐ’ ಎಂಬ ಎಡಿಟರನ್ನು ರಚಿಸಲು ತೊಡಗಿದರು. ಅವರು ಕೆಲಸಮಾಡುತ್ತಿದ್ದ ‘ಎಡಿಎಮ್-೩ಎ’ ಎಂಬ ಯಂತ್ರದ ಕೀಲಿಮಣೆಯಲ್ಲಿ ನಾಲ್ಕು ದಿಕ್ಕಿಗೆ ಹೋಗುವ ಪ್ರತ್ಯೇಕ ಬಾಣದ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಎಂಬ ನಾಲ್ಕು ಅಕ್ಷರಗಳ ಕೀಲಿಗಳ ಮೇಲೆಯೇ ಬಾಣಗಳು ಅಚ್ಚಾಗಿದ್ದುವು. ಆದುದರಿಂದ ಅವರ ಎಡಿಟರಿನಲ್ಲಿ ಆ ನಾಲ್ಕು ಅಕ್ಷರಗಳೇ ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಹೋಗುವ ಆಜ್ಞೆಗಳಾದುವು. ಅಲ್ಲದೆ ಮನೆಯಿಂದ ದೂರವಾಣಿಯ ತಂತಿಯ ಮೂಲಕ ಸೆಕೆಂಡಿಗೆ ಸುಮಾರು ೩೦ ಅಕ್ಷರಗಳು ಮಾತ್ರ ಹರಿಯುತ್ತಿದ್ದ ಕಾಲವದು. ಆ ನಿಧಾನದಲ್ಲಿ ಬಳಸತಕ್ಕ ಎಡಿಟರಿನ ಆಜ್ಞೆಗಳು ಒಂದೆರಡು ಅಕ್ಷರಗಳಷ್ಟು ಗಿಡ್ಡವಾದುದು ಸಹಜವೇ. ಆ ಯಂತ್ರಗಳು ವಸ್ತುಸಂಗ್ರಹಾಲಯವನ್ನು ಸೇರಿ ಎಷ್ಟೋ ವರ್ಷಗಳಾದುವು. ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ ಎಂಬವರು ೧೯೯೧ರಲ್ಲಿ ಹೊರತಂದ ವಿಮ್ ಎಂಬ ವಿಐಯ ಉತ್ತರಾಧಿಕಾರಿಯಲ್ಲಿ ಆ ನಾಲ್ಕು ಅಕ್ಷರಗಳು ಇಂದಿಗೂ ದಿಕ್ಕನ್ನು ತೋರುತ್ತಿವೆ. ಈ ಮಹನೀಯರು ೨೦೨೩ರಲ್ಲಿ ತೀರಿಕೊಂಡರು. ವಿಮ್ ಅನ್ನು ಬಳಸುವವರಿಂದ ಅವರು ಹಣವನ್ನು ಕೇಳಲಿಲ್ಲ. ಇಷ್ಟವಿದ್ದವರು ಉಗಾಂಡಾ ದೇಶದ ಬಡಮಕ್ಕಳಿಗೆ ನೆರವಾಗಿರೆಂದು ಕೇಳಿಕೊಂಡರು.

ಇನ್ನೊಂದು ನಿದರ್ಶನ. ಐಬಿಎಮ್ ಸಂಸ್ಥೆಯು ೧೯೨೮ರಲ್ಲಿ ಲೆಕ್ಕದ ಯಂತ್ರಗಳಿಗಾಗಿ ೮೦ ಅಂಕಣಗಳ ತೂತುಕಾರ್ಡನ್ನು ಜಾರಿಗೆ ತಂದಿತು. ಕಾರ್ಡುಗಳಲ್ಲಿ ಒಂದು ಸಾಲಿಗೆ ೮೦ ಅಕ್ಷರಗಳಿದ್ದುದರಿಂದ ಮುಂದೆ ಬಂದ ಪರದೆಗಳೂ ೮೦ ಅಕ್ಷರಗಳ ಅಗಲವಾದುವು. ವಿಎಸ್ ಕೋಡಿನಲ್ಲಿ ಸಾಲನ್ನು ಇಂತಿಷ್ಟು ಅಕ್ಷರಗಳಿಗೆ ಮಡಿಸೆಂದು ಹೇಳುವ ಏರ್ಪಾಡೊಂದಿದೆ. ಅದರ ಮೊದಲ ಸಂಖ್ಯೆಯನ್ನು ನೋಡಿದರೆ ಅದೂ ೮೦ ಆಗಿರುತ್ತದೆ. ಈ ಲೆಕ್ಕವು ಇಂಗ್ಲಿಷಿಗೆ ಒಪ್ಪಿದರೂ ಕನ್ನಡಕ್ಕೆ ಒಪ್ಪದು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸಕಾರ, ಹಲಂತದ ಗುರುತು, ತಕಾರ, ಮತ್ತೊಂದು ಹಲಂತ, ರೇಫ, ಈಕಾರದ ಗುರುತು ಎಂದು ಆರು ಸಂಕೇತಗಳು.

ಇದರಿಂದ ಮೊದಲ ಏರ್ಪಾಡುಗಳನ್ನು ಮಾಡಿದವರು ಅವಿವೇಕಿಗಳೆಂದು ಅರ್ಥವಲ್ಲ. ಅವರು ತಮ್ಮ ಕಾಲಕ್ಕೆ, ತಮ್ಮ ಕೈಗೆ, ತಮ್ಮ ಲಿಪಿಗೆ ಯುಕ್ತವಾದುದನ್ನು ಮಾಡಿದರು. ಎಲ್ಲರಿಗೂ ಒಪ್ಪುವಂಥ ಸಾಮಾನ್ಯ ವಿಧಿಯೊಂದು ಬೇಕೇ ಬೇಕು. ಇಲ್ಲದಿದ್ದರೆ ಹೊಸಬನು ಒಂದು ಅಕ್ಷರವನ್ನು ಬರೆಯುವ ಮೊದಲೇ ನೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದೀತು. ಆದರೆ ಮೈಸೂರಿನ ಅಥವಾ ಧಾರವಾಡದ ಮನೆಯೊಂದರಲ್ಲಿ ಅರುವತ್ತು ದಾಟಿದವರೊಬ್ಬರು ಕನ್ನಡದಲ್ಲಿ ಬರೆಯುವರೆಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಆ ಅಪವಾದವನ್ನು ನಾವೇ ಬರೆದುಕೊಳ್ಳತಕ್ಕದ್ದು.

ಇನ್ನು ಪ್ರಯೋಗಕ್ಕೆ ಇಳಿಯೋಣ. ವಿಂಡೋಸ್ ೧೧ರ ನೋಟ್‌ಪ್ಯಾಡಿನಲ್ಲಿ ಬಲಗಡೆಯ ಮೇಲ್ಮೂಲೆಯಲ್ಲಿರುವ ಹಲ್ಲುಚಕ್ರದ ಗುರುತನ್ನು ಒತ್ತಿದರೆ ‘ಸೆಟ್ಟಿಂಗ್ಸ್’ ಎಂಬ ಏರ್ಪಾಡುಗಳ ಪುಟವು ತೆರೆಯುತ್ತದೆ. ವಿಎಸ್ ಕೋಡಿನಲ್ಲಿ ‘ಕಂಟ್ರೋಲ್’ ಕೀಲಿಯನ್ನು ಹಿಡಿದುಕೊಂಡು ಅಲ್ಪವಿರಾಮದ ಕೀಲಿಯನ್ನು ಒತ್ತಿದರೆ ಅಂಥದೇ ಪುಟವು ಬರುತ್ತದೆ. ಅದರ ನೆತ್ತಿಯಲ್ಲಿರುವ ಹುಡುಕುವ ಪೆಟ್ಟಿಗೆಯಲ್ಲಿ ಏರ್ಪಾಡಿನ ಹೆಸರನ್ನು ಬರೆದರೆ ಅದು ಎದುರಿಗೆ ನಿಲ್ಲುತ್ತದೆ.

ಮೊದಲನೆಯದು ಅಕ್ಷರದ ಗಾತ್ರ. ವಿಂಡೋಸಿನಲ್ಲಿ ವಿಎಸ್ ಕೋಡಿನ ಮೊದಲ ಗಾತ್ರವು ೧೪. ಇದನ್ನು ೧೮ಕ್ಕೋ ೨೦ಕ್ಕೋ ಏರಿಸಿಕೊಂಡರೆ ನಮ್ಮ ವಯಸ್ಸಿನವರಿಗೆ ನೆಮ್ಮದಿ. ಕುರ್ಚಿಗೆ ಬೆನ್ನೊರಗಿಸಿ ಕುಳಿತು, ಮುಂದಕ್ಕೆ ಬಾಗದೆ ಓದಲಾಗುವ ಗಾತ್ರವೇ ಸರಿಯಾದ ಗಾತ್ರವೆಂದು ತಿಳಿಯತಕ್ಕದ್ದು. ಗಾತ್ರದ ಜೊತೆಗೆ ಅಕ್ಷರದ ಅಚ್ಚು, ಅಂದರೆ ‘ಫಾಂಟ್’, ಯಾವುದೆಂಬುದನ್ನೂ ನೋಡಬೇಕು. ನೋಟ್‌ಪ್ಯಾಡಿನಲ್ಲಿ ಮೊದಲು ಇರುವ ‘ಕನ್ಸೋಲಾಸ್’ ಎಂಬ ಅಚ್ಚಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಕನ್ನಡವನ್ನು ಬರೆದಾಗ ಯಂತ್ರವು ಬೇರೊಂದು ಅಚ್ಚಿನಿಂದ ಅಕ್ಷರಗಳನ್ನು ಕಡ ತಂದು ತೋರಿಸುತ್ತದೆ. ಕಡ ತರುವುದೇಕೆ? ವಿಂಡೋಸಿನಲ್ಲಿಯೇ ಇರುವ ‘ನಿರ್ಮಲಾ ಯುಐ’ ಅಥವಾ ಉಚಿತವಾಗಿ ದೊರೆಯುವ ‘ನೋಟೋ ಸ್ಯಾನ್ಸ್ ಕನ್ನಡ’, ‘ನೋಟೋ ಸೆರಿಫ್ ಕನ್ನಡ’ ಎಂಬವುಗಳಲ್ಲಿ ಕಣ್ಣಿಗೆ ಹಿತವಾದುದನ್ನು ನಾವೇ ಆರಿಸಬಹುದು.

ಎರಡನೆಯದು ಸಾಲುಗಳ ನಡುವಣ ಅಂತರ. ಇಂಗ್ಲಿಷಿನ ಅಕ್ಷರಗಳು ಒಂದೇ ಗೆರೆಯ ಮೇಲೆ ಕುಳಿತು ಅಲ್ಪಸ್ವಲ್ಪ ಕೆಳಗಿಳಿಯುತ್ತವೆ. ಕನ್ನಡಕ್ಕೆ ಒತ್ತಕ್ಷರಗಳುಂಟು, ‘ರಾಷ್ಟ್ರ’, ‘ವಸ್ತ್ರ’ ಎಂಬಲ್ಲಿ ಒತ್ತಿನ ಜೊತೆಗೆ ಮತ್ತೊಂದು ಒತ್ತು ಬರುತ್ತದೆ. ಅಂತರವು ಕಿರಿದಾದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುವಂತಾಗಿ ಓದುವವನ ಕಣ್ಣು ತೊಡರುತ್ತದೆ. ವಿಎಸ್ ಕೋಡಿನಲ್ಲಿ ‘ಲೈನ್ ಹೈಟ್’ ಎಂಬಲ್ಲಿ ೧.೮ ಎಂದು ಬರೆದರೆ ಪ್ರತಿಯೊಂದು ಸಾಲಿಗೂ ಅಕ್ಷರದ ಗಾತ್ರದ ೧.೮ರಷ್ಟು ಎತ್ತರವು ದೊರೆಯುತ್ತದೆ. ಮಗ್ಗಿಯ ಪುಸ್ತಕದಂತೆ ಪುಟವು ಬಿಡಿಬಿಡಿಯಾಗಿ ಕಾಣುತ್ತದೆ.

ಮೂರನೆಯದು ಸಾಲಿನ ಮಡಿಕೆ. ಯಂತ್ರಗಳಿಗೆ ಆದೇಶ ಬರೆಯುವವರಿಗೆ ಒಂದು ಸಾಲು ಒಂದೇ ಸಾಲಾಗಿ ಕಾಣಬೇಕು. ಆ ಕಾರಣದಿಂದ ವಿಎಸ್ ಕೋಡಿನಲ್ಲಿ ಮಡಿಕೆಯಿಲ್ಲದಿರುವುದೇ ಮೊದಲ ಏರ್ಪಾಡು. ಗದ್ಯವನ್ನು ಬರೆಯುವವರಿಗೆ ಇದು ಬಹಳ ತೊಂದರೆ. ವಾಕ್ಯವೃಂದವು ಮುಗಿಯುವವರೆಗೂ ಬರಹವು ಬಲಕ್ಕೆ ಓಡುತ್ತಲೇ ಇರುತ್ತದೆ. ‘ವರ್ಡ್ ರ‍್ಯಾಪ್’ ಎಂಬುದನ್ನು ಹಾಕಿಕೊಂಡರೆ ಸಾಲು ಪರದೆಯ ಅಂಚಿನಲ್ಲಿ ಕೆಳಕ್ಕೆ ಮಡಿಯುತ್ತದೆ. ಇದೂ ನೋಟಕ್ಕೆ ಮಾತ್ರ. ಕಡತದೊಳಗೆ ಸಾಲು ಒಡೆಯುವುದಿಲ್ಲ. ವಿಮ್‌ನಲ್ಲಿ ಮಡಿಕೆಯು ಮೊದಲೇ ಇದೆಯಾದರೂ ಅದು ಪದದ ನಡುವೆಯೇ ಕತ್ತರಿಸುತ್ತದೆ. ‘ಲೈನ್‌ಬ್ರೇಕ್’ ಎಂಬ ಏರ್ಪಾಡನ್ನು ಸೇರಿಸಿದರೆ ಪದವು ಇಡಿಯಾಗಿ ಕೆಳಗಿಳಿಯುತ್ತದೆ.

ನಾಲ್ಕನೆಯದು ಹಿನ್ನೆಲೆಯ ಬಣ್ಣ. ಕಪ್ಪು ಹಲಗೆಯ ಮೇಲೆ ಬಿಳಿಯ ಸೀಮೆಸುಣ್ಣದಂತೆ ತೋರುವುದೊಂದು ಕ್ರಮ. ಬಿಳಿಯ ಕಾಗದದ ಮೇಲೆ ಕಪ್ಪು ಮಸಿಯಂತೆ ತೋರುವುದು ಮತ್ತೊಂದು. ಇದರಲ್ಲಿ ಒಬ್ಬರಿಗೆ ಹಿತವಾದುದು ಇನ್ನೊಬ್ಬರಿಗೆ ಹಿತವಲ್ಲ. ಬೆಳಕಿನ ಕೋಣೆಯಲ್ಲಿ ಹಗಲು ಬರೆಯುವವರೂ ರಾತ್ರಿ ಬರೆಯುವವರೂ ಒಂದೊಂದು ವಾರ ಎರಡನ್ನೂ ಪ್ರಯೋಗಿಸಿ ನೋಡಿ ನಿಶ್ಚಯಿಸತಕ್ಕದ್ದು. ಎಳೆಯರು ಮೆಚ್ಚಿದರೆಂದು ಕಪ್ಪನ್ನು ಹಿಡಿಯಬೇಕಾಗಿಲ್ಲ.

ಐದನೆಯದು ಬೇಡದ ಉಪಚಾರಗಳು. ಕೆಲವು ಎಡಿಟರುಗಳು ನಾವು ಬರೆಯುತ್ತಿರುವಾಗಲೇ ಹಿಂದೆ ಬಂದ ಪದಗಳ ಪಟ್ಟಿಯೊಂದನ್ನು ಎದುರಿಗೆ ಹಿಡಿಯುತ್ತವೆ. ಹೊಸ ಸಾಲಿಗೆಂದು ‘ಎಂಟರ್’ ಕೀಲಿಯನ್ನು ಒತ್ತಿದರೆ ಪಟ್ಟಿಯ ಪದವು ಬರಹದೊಳಗೆ ನುಗ್ಗುತ್ತದೆ. ನೋಟ್‌ಪ್ಯಾಡಿಗೆ ೨೦೨೪ರಲ್ಲಿ ಕಾಗುಣಿತ ತಿದ್ದುವ ಸೌಕರ್ಯವನ್ನು ಕೂಡಿಸಿದರು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇವು ಉಪಕಾರವೇ ಇರಬಹುದು. ಆದರೆ ಕನ್ನಡದ ಸಂಧಿಸಮಾಸಗಳನ್ನರಿಯದ ತಿದ್ದುಗಾರನು ಸಾಧುವಾದ ಪದದ ಕೆಳಗೂ ಕೆಂಪು ಗೆರೆಯನ್ನು ಎಳೆದಾನು. ಅಂಥ ತಿದ್ದುಗಾರನಿಗೆ ಸೆಟ್ಟಿಂಗ್ಸ್ ಪುಟದಲ್ಲಿಯೇ ರಜೆ ಕೊಡಬಹುದು. ಊಟಕ್ಕೆ ಕುಳಿತವರ ಎಲೆಗೆ ಕೇಳದೆ ಬಡಿಸುವುದು ಆದರವಾದರೂ, ಸಾಕೆಂದಮೇಲೆ ನಿಲ್ಲಿಸುವುದೂ ಆದರವೇ.

ಆರನೆಯದು ಉಳಿಸುವಿಕೆ. ಗಣಕದಲ್ಲಿ ಬರೆದುದನ್ನು ‘ಸೇವ್’ ಮಾಡುವವರೆಗೆ ಅದು ನೀರಿನ ಮೇಲಿನ ಬರಹವೇ. ವಿದ್ಯುತ್ತು ಹೋಗುವುದು ನಮ್ಮ ಊರುಗಳಲ್ಲಿ ಅಪೂರ್ವವಲ್ಲ. ವಿಎಸ್ ಕೋಡಿನಲ್ಲಿ ‘ಆಟೋ ಸೇವ್’ ಎಂಬ ಏರ್ಪಾಡನ್ನು ‘ಆಫ್ಟರ್ ಡಿಲೇ’ ಎಂಬುದಕ್ಕೆ ತಿರುಗಿಸಿದರೆ ಕೈಯನ್ನು ನಿಲ್ಲಿಸಿದ ಒಂದು ಸೆಕೆಂಡಿನೊಳಗೆ ಬರಹವು ಉಳಿಸಲ್ಪಡುತ್ತದೆ. ಮೊದಲು ಇದು ಹಾಕಿರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ನೋಟ್‌ಪ್ಯಾಡೂ ೨೦೨೩ರಿಂದೀಚೆಗೆ ಮುಚ್ಚಿದಾಗ ಇದ್ದ ಬರಹವನ್ನು ಮುಂದಿನ ಸಲ ತೆರೆದಾಗ ತೋರಿಸುತ್ತದೆ. ಆದರೆ ಅದನ್ನೇ ನಂಬಿ ಕಡತಕ್ಕೆ ಹೆಸರಿಡದೆ ಇರಬಾರದು. ತಾನಾಗಿ ಉಳಿಸುವ ಯಂತ್ರವು ತಪ್ಪಾಗಿ ಅಳಿಸಿದುದನ್ನೂ ಹಾಗೆಯೇ ಉಳಿಸುತ್ತದೆ. ಆದುದರಿಂದ ಮುಖ್ಯವಾದ ಕಡತಗಳ ಪ್ರತಿಯೊಂದನ್ನು ವಾರಕ್ಕೊಮ್ಮೆ ಪೆನ್ ಡ್ರೈವಿಗೆ ತೆಗೆದಿಡುವುದು ಕ್ಷೇಮ.

ಏಳನೆಯದು, ಕಣ್ಣಿಗೆ ಕಾಣದಿದ್ದರೂ ಎಲ್ಲಕ್ಕಿಂತ ಗುರುತರವಾದುದು, ಅಕ್ಷರಸಂಕೇತದ ಏರ್ಪಾಡು. ನಮ್ಮ ಮಿತ್ರರೊಬ್ಬರು ೨೦೦೩ರ ಸುಮಾರಿನಲ್ಲಿ ತಮ್ಮ ತಂದೆಯವರ ಜೀವನವೃತ್ತಾಂತವನ್ನು ಆ ಕಾಲದ ಒಂದು ಕನ್ನಡ ಫಾಂಟಿನಲ್ಲಿ ಬರೆದಿಟ್ಟಿದ್ದರು. ಹತ್ತೆಂಟು ವರ್ಷಗಳಾದ ಮೇಲೆ ಹೊಸ ಗಣಕದಲ್ಲಿ ಅದನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲವು ಕಾಣಿಸಿತು. ಕಾರಣವಿಷ್ಟೆ: ಅಂಥ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಕೂರಿಸಿರುತ್ತಿದ್ದರು, ಆ ಫಾಂಟು ಇಲ್ಲದ ಯಂತ್ರದಲ್ಲಿ ಮುಸುಕು ಸರಿದು ಇಂಗ್ಲಿಷೇ ಹೊರಬೀಳುತ್ತಿತ್ತು. ಪರಿವರ್ತಿಸುವ ಸಾಧನದ ನೆರವಿನಿಂದ ಆ ವೃತ್ತಾಂತವು ಮರಳಿ ದೊರೆತದ್ದು ಸುದೈವ. ಯೂನಿಕೋಡ್ ಎಂಬ ಸರ್ವಲಿಪಿಸಂಕೇತದಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಬೇರೆಯಾಗಿ ಕಾದಿರಿಸಲಾಗಿದೆ. ಅದನ್ನು ಕಡತದಲ್ಲಿ ಬರೆದಿಡುವ ಕ್ರಮಗಳಲ್ಲಿ ‘ಯುಟಿಎಫ್-೮’ ಎಂಬುದು ಇಂದು ಎಲ್ಲೆಡೆಯೂ ನಡೆಯತಕ್ಕದ್ದು. ನೋಟ್‌ಪ್ಯಾಡಿನಲ್ಲಿ ೨೦೧೯ರ ವಿಂಡೋಸ್ ಪರಿಷ್ಕರಣದಿಂದೀಚೆಗೆ ಇದೇ ಮೊದಲ ಏರ್ಪಾಡಾಗಿದೆ; ಅದಕ್ಕೆ ಮುಂಚೆ ‘ಆನ್ಸಿ’ ಎಂಬುದಿತ್ತು; ಅದರಲ್ಲಿ, ಯಂತ್ರವು ಕೊಟ್ಟ ಎಚ್ಚರಿಕೆಯನ್ನು ಲಕ್ಷಿಸದೆ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿತ್ತು. ಉತ್ಸರ್ಗವೂ ಕಾಲಕ್ರಮದಲ್ಲಿ ತಿದ್ದಲ್ಪಡುವುದೆಂಬುದಕ್ಕೆ ಇದು ಸಾಕ್ಷಿ. ಹಳೆಯ ಯಂತ್ರವುಳ್ಳವರು ಉಳಿಸುವಾಗ ‘ಎನ್‌ಕೋಡಿಂಗ್’ ಎಂಬಲ್ಲಿ ಯುಟಿಎಫ್-೮ ಇದೆಯೇ ಎಂದು ತಪ್ಪದೆ ನೋಡತಕ್ಕದ್ದು. ಉಳಿದ ಏರ್ಪಾಡುಗಳು ಬರೆಯುವವನ ಸುಖಕ್ಕೆ. ಇದೊಂದು ಮುಂದೆ ಓದುವವರ ಸುಖಕ್ಕೆ.

ಕೊನೆಯದು ಕೀಲಿಮಣೆ. ಇದು ಎಡಿಟರಿನದಲ್ಲ, ಇಡೀ ಯಂತ್ರದ ಏರ್ಪಾಡು. ಆದರೂ ಇದಿಲ್ಲದೆ ಉಳಿದುವೆಲ್ಲ ವ್ಯರ್ಥ. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸವು ವರ್ಣಮಾಲೆಯನ್ನು ಬಲ್ಲವರಿಗೆ ಸಹಜವಾಗಿ ತೋರುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಕನ್ನಡಿಗರಲ್ಲಿ ಬಹಳ ಬಳಕೆಯಲ್ಲಿದೆ. ಇಂಗ್ಲಿಷ್ ಉಚ್ಚಾರಣೆಯನ್ನನುಸರಿಸಿ ಬರೆಯುವ ಕೀಲಿಮಣೆಯನ್ನು ೨೦೧೯ರಿಂದ ವಿಂಡೋಸಿನಲ್ಲಿಯೇ ಕೊಟ್ಟಿದ್ದಾರೆ. ಕೈಗೆ ಒಗ್ಗಿದುದನ್ನು ಒಂದನ್ನೇ ಹಿಡಿದು ಅಭ್ಯಾಸಮಾಡತಕ್ಕದ್ದು. ವಿಂಡೋಸಿನ ಗುರುತಿನ ಕೀಲಿಯನ್ನು ಹಿಡಿದು ‘ಸ್ಪೇಸ್’ ಕೀಲಿಯನ್ನು ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಹೋಗಬಹುದು.

ಇಷ್ಟನ್ನ ಹೇಳಿದ ಮೇಲೆ ಗೃಹಸ್ಥರಿಗೆ ಒಂದೆರಡು ವಿವೇಕದ ಮಾತುಗಳನ್ನೂ ಹೇಳುವುದು ನಮ್ಮ ಕರ್ತವ್ಯವು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಎರಡು ದಿನ ಬಳಸಿ ನೋಡತಕ್ಕದ್ದು. ವೈದ್ಯನು ಒಂದೇ ದಿನ ನಾಲ್ಕು ಔಷಧಗಳನ್ನು ಹೊಸದಾಗಿ ಕೊಟ್ಟರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ಬದಲಾಯಿಸಿದುದನ್ನು ಒಂದು ಕಾಗದದ ಮೇಲೆ ತಾರೀಖು ಸಹಿತ ಬರೆದಿಡುವುದು ಒಳ್ಳೆಯದು. ವಿಎಸ್ ಕೋಡಿನ ಪುಟದಲ್ಲಿ ನಾವು ಬದಲಾಯಿಸಿದ ಏರ್ಪಾಡಿನ ಎಡಗಡೆಯಲ್ಲಿ ಬಣ್ಣದ ಗೆರೆಯೊಂದು ಕಾಣುತ್ತದೆ. ಬೇಡವಾದರೆ ಪಕ್ಕದ ಹಲ್ಲುಚಕ್ರದಲ್ಲಿರುವ ‘ರೀಸೆಟ್ ಸೆಟ್ಟಿಂಗ್’ ಎಂಬುದನ್ನು ಒತ್ತಿದರೆ ಮೊದಲಿನಂತಾಗುತ್ತದೆ. ವಿಮ್‌ನಂತೆ ಕಡತದಲ್ಲಿಯೇ ಏರ್ಪಾಡುಗಳನ್ನು ಬರೆಯುವಲ್ಲಿ ಒಂದೇ ವಿಷಯಕ್ಕೆ ಎರಡು ಸಾಲುಗಳಿದ್ದರೆ ಕೆಳಗಿನದೇ ನಡೆಯುತ್ತದೆ. ಸಮಬಲವುಳ್ಳ ಎರಡು ವಿಧಿಗಳು ಒಂದೆಡೆ ತಾಗಿದರೆ ಪರವಾದುದು ಗೆಲ್ಲಬೇಕೆಂದು ಪಾಣಿನಿಯೂ ವಿಧಿಸಿರುವುದನ್ನು ಬಲ್ಲವರಿಗೆ ಇದು ಹೊಸತಲ್ಲ.

ಮನೆಗೆಲ್ಲ ಒಂದೇ ಗಣಕವಿದ್ದರೆ ಜಗಳಕ್ಕೆ ಎಡೆಯುಂಟು. ಮಗನು ಅಕ್ಷರವನ್ನು ಕಿರಿದು ಮಾಡುತ್ತಾನೆ, ತಾಯಿಯು ಹಿರಿದು ಮಾಡುತ್ತಾಳೆ, ಇಬ್ಬರೂ ಪರಸ್ಪರ ಬೇಸರಪಡುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರಿನ ಖಾತೆಯನ್ನು ಯಂತ್ರದಲ್ಲಿ ತೆರೆದುಕೊಟ್ಟರೆ ಒಬ್ಬರ ಏರ್ಪಾಡು ಇನ್ನೊಬ್ಬರಿಗೆ ತಗಲುವುದಿಲ್ಲ. ಒಂದೇ ಮನೆಯಲ್ಲಿ ಎಲ್ಲರಿಗೂ ಬೇರೆ ಬೇರೆ ಕನ್ನಡಕಗಳಿರುವುದು ಯಾರಿಗೂ ಆಶ್ಚರ್ಯವಲ್ಲವಷ್ಟೆ.

ಇನ್ನೊಂದು ಕೊನೆಯ ಅಪಾಯವುಂಟು. ಏರ್ಪಾಡುಗಳ ರುಚಿ ಹತ್ತಿದವರು ಬರೆಯುವುದನ್ನು ಬಿಟ್ಟು ಏರ್ಪಾಡು ಮಾಡುವುದರಲ್ಲಿಯೇ ದಿನವನ್ನು ಕಳೆಯುತ್ತಾರೆ. ಕಂಠವನ್ನು ಕೆತ್ತುತ್ತ ಕೆತ್ತುತ್ತ ಲೇಖನಿಯನ್ನೇ ಸವೆಸಿದ ಲಿಪಿಕಾರನಿಗೂ ಇವರಿಗೂ ಭೇದವಿಲ್ಲ. ಕಣ್ಣು ನೋಯದೆ, ಕೈ ತಡವರಿಸದೆ, ಬರೆದುದು ಕಳೆಯದೆ ಇದ್ದರೆ ಅಲ್ಲಿಗೆ ಏರ್ಪಾಡು ಮುಗಿಯಿತೆಂದು ತಿಳಿಯತಕ್ಕದ್ದು. ಅನೇಕರಿಗೆ ಮೇಲೆ ಹೇಳಿದ ಎಂಟೇ ಸಾಕು. ಕೆಲವರಿಗೆ ಅವುಗಳಲ್ಲಿಯೂ ಮೂರು ಸಾಕು.

ಆದುದರಿಂದ ಮನೆಯಲ್ಲಿ ಗಣಕವನ್ನು ಬಲ್ಲ ಎಳೆಯರು ಒಂದು ಭಾನುವಾರದ ಮಧ್ಯಾಹ್ನ ಹಿರಿಯರ ಪಕ್ಕದಲ್ಲಿ ಕುಳಿತು, “ಅಕ್ಷರ ಇಷ್ಟು ದೊಡ್ಡದಾದರೆ ಸಾಕೆ? ಸಾಲು ಇಷ್ಟು ಬಿಡಿಯಾದರೆ ಹಿತವೆ?” ಎಂದು ಒಂದೊಂದಾಗಿ ಕೇಳಿ ಹೊಂದಿಸಿಕೊಡಲಿ. ತಮಗೆ ಯಾವುದು ಚೆನ್ನವೆಂದಲ್ಲ, ಅವರಿಗೆ ಯಾವುದು ಹಿತವೆಂದು ಕೇಳಲಿ. ಹಿರಿಯರೂ ಸಂಕೋಚವನ್ನು ಬಿಟ್ಟು ಸಾಲದಾದುದನ್ನು ಸಾಲದೆಂದು ಹೇಳಲಿ. ಸಾಮಾನ್ಯ ವಿಧಿಯನ್ನು ಮಾಡಿದವರು ಅಪವಾದಕ್ಕೆ ಎಡೆಯಿಟ್ಟೇ ಮಾಡಿದ್ದಾರೆ. ಆ ಎಡೆಯಲ್ಲಿ ನಮ್ಮ ಮನೆಯ ಬರವಣಿಗೆಯು ನಿಂತು, ನಮ್ಮ ತರುವಾಯದವರ ಕೈಗೆ ಓದಲು ಬರುವ ಕನ್ನಡವಾಗಿ ಸೇರುವಂತಾಗಲಿ.